ಚಾವಡಿಯ ಗೋಡೆಗೆ ಕಡು ನೀಲಿ: ಯಾವ ಶೇಡ್, ಜೊತೆಗೆ ಯಾವ ಬಣ್ಣ?

ನೀರ್ಚಾಲು_ಮನೆ:
ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರ ನಮ್ಮ ಹಳೆ ಮನೆಯ ರಿಪೇರಿ ನಡೆಯುತ್ತಿದೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ನೆಲಕ್ಕೆ ಹಿರಿಯರು ಹಾಕಿಸಿದ ಕೆಂಪು ಕಾವಿ ಹಾಗೇ ಇದೆ, ಅದನ್ನು ತೆಗೆಯುವ ಮನಸ್ಸಿಲ್ಲ. ಚಾವಡಿಯ ಒಂದು ಗೋಡೆಗೆ ಕಡು ನೀಲಿ ಬೇಕು ಅಂತ ತುಂಬಾ ಆಸೆ. ತಿಳಿ ನೀಲಿ ಅಲ್ಲ, ನವಿಲು ಬಣ್ಣವೂ ಅಲ್ಲ, ತಣ್ಣಗಿರುವ ಗಾಢ ನೀಲಿ. ಆದರೆ ಅಂಗಡಿಯಲ್ಲಿ ಅಚ್ಚ ನೀಲಿಯಾಗಿ ಕಂಡ ಶೇಡ್ ಕಾರ್ಡನ್ನು ಮನೆಗೆ ತಂದು ಗೋಡೆಗೆ ಹಿಡಿದರೆ ಹಗಲು ಹಸಿರು ಹೊಡೆಯುತ್ತದೆ, ರಾತ್ರಿ ಹೆಚ್ಚು ಕಡಿಮೆ ಕಪ್ಪು. ಇರುವುದು ಉತ್ತರದ ಕಿಟಕಿ, ಹೊರಗೆ ಅಡಿಕೆ ತೋಟ. ಅತ್ತೆ ಈಗಲೇ "ಚಾವಡಿ ಕತ್ತಲೆ ಕೋಣೆ ಆಗುತ್ತದೆ" ಅನ್ನುತ್ತಿದ್ದಾರೆ. ಎಂಥ ನೀಲಿ ಆರಿಸಲಿ, ಉಳಿದ ಗೋಡೆಗಳಿಗೆ ಏನು ಹಾಕಲಿ? ಮಳೆ ಹಿಡಿಯುವ ಮೊದಲು ಮುಗಿಸಬೇಕು.

ಉಪ್ಪಳ_ಬಣ್ಣ:
ಅಕ್ಕ, ಹಸಿರು ಬರುತ್ತಿರುವುದು ತೋಟದಿಂದ. ಬೆಳಕು ಅಡಿಕೆ ಸೋಗೆಗೆ ಬಿದ್ದು ಒಳಗೆ ಬರುತ್ತದೆ, ಬರುವಾಗ ಹಸಿರನ್ನೂ ತರುತ್ತದೆ. ಹಾಗಾಗಿ ಸ್ವಲ್ಪ ನೇರಳೆ ಕಡೆ ವಾಲುವ ನೀಲಿ ಆರಿಸಿ, ನಿಮ್ಮ ಚಾವಡಿಯಲ್ಲಿ ಅದು ನೇರಳೆ ಕಾಣುವುದಿಲ್ಲ, ಸರಿಯಾದ ನೀಲಿಯೇ ಕಾಣುತ್ತದೆ. ಗೋಡೆಯ ಕೆಳಭಾಗಕ್ಕೆ ಕಾವಿಯ ಕೆಂಪೂ ತಾಗುತ್ತದೆ, ಅಲ್ಲಿ ಬಣ್ಣ ತುಸು ಮಂಕಾಗುತ್ತದೆ.

ಅತ್ತೆ ಹೇಳುವುದರಲ್ಲೂ ಅರ್ಥ ಇದೆ. ಪ್ರತಿ ಶೇಡ್‌ಗೂ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇರುತ್ತದೆ, ಎಷ್ಟು ಬೆಳಕು ವಾಪಸ್ ಕೊಡುತ್ತದೆ ಅನ್ನುವ ಲೆಕ್ಕ. ಕಪ್ಪಿಗೆ 0, ಬಿಳಿಗೆ 100. ಕಡು ನೀಲಿಗಳು ಸಾಮಾನ್ಯವಾಗಿ 10ಕ್ಕಿಂತ ಕೆಳಗೆ, ಅಂದರೆ ಬಿದ್ದ ಬೆಳಕಿನಲ್ಲಿ ಹೆಚ್ಚಿನದನ್ನು ಗೋಡೆಯೇ ನುಂಗುತ್ತದೆ. ಕಿಟಕಿ ಇರುವ ಗೋಡೆಗೆ ಮಾತ್ರ ಹಾಕಬೇಡಿ, ಕಿಟಕಿಯ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಸುತ್ತಲಿನ ನೀಲಿ ಇನ್ನೂ ಕಪ್ಪಾಗುತ್ತದೆ. ಕಿಟಕಿಯ ಎದುರಿನ ಗೋಡೆ ಒಳ್ಳೆಯದು.

ಕಾರ್ಡ್ ನಂಬಬೇಡಿ. ಸ್ಯಾಂಪಲ್ ಡಬ್ಬಿ ತಂದು ದೊಡ್ಡ ಚಾರ್ಟ್ ಪೇಪರಿಗೆ ಎರಡು ಕೋಟ್ ಹೊಡೆದು ಪೂರ್ತಿ ಒಣಗಿಸಿ. ಎಮಲ್ಷನ್, ಅಂದರೆ ನೀರಲ್ಲಿ ಕಲಸುವ ಗೋಡೆ ಪೇಂಟ್, ಒಣಗಿದ ಮೇಲೆ ಸಾಮಾನ್ಯವಾಗಿ ಇನ್ನೂ ಕಡು ಆಗುತ್ತದೆ. ಆಮೇಲೆ ಗೋಡೆಗೆ ಅಂಟಿಸಿ ಬೆಳಿಗ್ಗೆ, ಮಧ್ಯಾಹ್ನ, ಲೈಟ್ ಹಾಕಿ, ಮೂರೂ ಹೊತ್ತು ನೋಡಿ.

ಮಂಜೇಶ್ವರ_ರೋಲರ್:
ಶೇಡ್ ಆಮೇಲೆ ನೋಡುವ, ಮೊದಲು ಗೋಡೆಯ ಪಸೆ ನೋಡಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ಕೆಂಪುಕಲ್ಲು ಅದನ್ನು ಚೆನ್ನಾಗಿ ಕುಡಿಯುತ್ತದೆ. ಬಿಳಿ ಗೋಡೆಯಲ್ಲಿ ಉಪ್ಪು ಎದ್ದರೆ ಗೊತ್ತೇ ಆಗುವುದಿಲ್ಲ, ನೀಲಿಯ ಮೇಲೆ ಎದ್ದು ಕಾಣುತ್ತದೆ. ಒಂದು ಪ್ಲಾಸ್ಟಿಕ್ ತುಂಡನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಿರಿ. ಗೋಡೆಗೆ ತಾಗಿದ ಬದಿಯಲ್ಲಿ ನೀರಿನ ಹನಿ ಇದ್ದರೆ ಕೆಲಸ ಶುರು ಮಾಡಲೇಬೇಡಿ, ನೀರು ಎಲ್ಲಿಂದ ಬರುತ್ತದೆ ಅಂತ ಹುಡುಕಿಸಿ. ಹಳೆ ಸುಣ್ಣ ಪುಡಿಪುಡಿ ಆಗಿದ್ದರೆ ಪೂರ್ತಿ ಕೆರೆಸಿ, ಇಲ್ಲದಿದ್ದರೆ ಪುಟ್ಟಿ ಹಾಳೆ ಹಾಳೆಯಾಗಿ ಏಳುತ್ತದೆ. ಹೊಸ ಸಿಮೆಂಟ್ ಗಾರೆ ಮಾಡಿದ ಜಾಗಕ್ಕೆ 28 ದಿನ ಬಿಡಿ.

ಕಡು ಶೇಡ್ ಮಾಡುವ ಬೇಸ್‌ನಲ್ಲಿ, ಅಂದರೆ ಅಂಗಡಿಯವರು ಬಣ್ಣ ಬೆರೆಸುವ ಮೂಲ ಪೇಂಟಿನಲ್ಲಿ, ಬಿಳಿ ಪಿಗ್ಮೆಂಟ್ ಕಡಿಮೆ, ಹಾಗಾಗಿ ಮುಚ್ಚುವ ಶಕ್ತಿಯೂ ಕಡಿಮೆ. ಬಿಳಿ ಪ್ರೈಮರಿನ ಬದಲು ಬೂದು ಬಣ್ಣ ಬೆರೆಸಿದ ಪ್ರೈಮರ್ ಹಾಕಿಸಿ, ಮೂರನೇ ಕೋಟ್‌ಗೂ ಲೆಕ್ಕ ಇಡಿ. ಎಲ್ಲ ಡಬ್ಬಿಗಳನ್ನೂ ದೊಡ್ಡ ಬಕೆಟಿಗೆ ಸುರಿದು ಕಲಸಿದ ಮೇಲೆಯೇ ರೋಲರ್ ಎತ್ತಬೇಕು. ಹೊಳಪಿನ ಪೇಂಟ್ ಹಳೆ ಗಾರೆಯ ಉಬ್ಬು ತಗ್ಗನ್ನೆಲ್ಲ ತೋರಿಸುತ್ತದೆ. ಪೂರ್ತಿ ಮ್ಯಾಟ್ ಆದರೆ ಕೈ ಉಜ್ಜಿದ ಕಡೆ ಗುರುತು ಬೀಳುತ್ತದೆ. ಮಧ್ಯದ್ದು, ತೊಳೆಯಲು ಆಗುವಂಥದ್ದು ಕೇಳಿ.

ಕುಂಬಳೆ_ಅಂಗಳ:
ಉಳಿದ ಗೋಡೆಗಳಿಗೆ ದಯವಿಟ್ಟು ಅಚ್ಚ ಬಿಳಿ ಬೇಡ. ಉತ್ತರದ ಬೆಳಕಲ್ಲಿ ಅದು ಬೂದು ಬೂದಾಗಿ ಆಸ್ಪತ್ರೆಯ ಹಾಗೆ ಕಾಣುತ್ತದೆ. ತುಸು ಹಳದಿ ಇರುವ ಕೆನೆ ಬಣ್ಣ ಹಾಕಿ, ನೀಲಿ ತಾನಾಗಿ ಎದ್ದು ನಿಲ್ಲುತ್ತದೆ. ಕಾವಿ ನೆಲದ ಬಗ್ಗೆ ಚಿಂತೆಯೇ ಬೇಡ, ಕೆಂಪು ಮಣ್ಣಿನ ಬಣ್ಣಕ್ಕೂ ತಣ್ಣನೆಯ ನೀಲಿಗೂ ಬಹಳ ಚಂದ ಹೊಂದುತ್ತದೆ. ಹಲಸಿನ ಮರದ ಬಾಗಿಲು, ಹಿತ್ತಾಳೆಯ ತೂಗುದೀಪ ಇದ್ದರೆ ಅದೇ ಗೋಡೆಯ ಹತ್ತಿರ ಬರಲಿ. ಕೆಲ್ವಿನ್ ಅಂದರೆ ಬಲ್ಬಿನ ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟು ಹಳದಿ, ಹೆಚ್ಚಾದಷ್ಟು ತಣ್ಣನೆಯ ಬಿಳಿ. ಬಲ್ಬ್ 6500 ಕೆಲ್ವಿನ್‌ನದು ಹಾಕಿದರೆ ಚಾವಡಿ ಕೊರೆಯುತ್ತದೆ, 2700ರದು ಹಾಕಿದರೆ ನೀಲಿ ಮಂಕಾಗುತ್ತದೆ. ನಾನು 4000 ಹೇಳುತ್ತೇನೆ, ಮತ್ತೆ ಗೋಡೆಯ ಮೇಲೇ ಬೀಳುವ ಹಾಗೆ ಒಂದು ಲೈಟ್ ಬೇಕೇ ಬೇಕು.

ನೀರ್ಚಾಲು_ಮನೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಿಟಕಿಯ ಎದುರಿನ ಗೋಡೆ ಅಂದಾಗ ಅತ್ತೆಯೂ ಒಪ್ಪಿದರು. ಪ್ಲಾಸ್ಟಿಕ್ ಇವತ್ತೇ ಅಂಟಿಸುತ್ತೇನೆ. ಹಲಸಿನ ಬಾಗಿಲಿಗೆ ಯಾವಾಗಲೋ ಹಸಿರು ಎನಾಮೆಲ್ ಬಳಿದಿದ್ದಾರೆ. ಉಜ್ಜಿ ತೆಗೆಸಿ ಪಾಲಿಶ್ ಮಾಡಿಸಬಹುದಾ?

ಮಂಜೇಶ್ವರ_ರೋಲರ್:
ಮಾಡಿಸಿ, ಆದರೆ ಮಿಷನ್ ಹಾಕಿ ಒಣ ಒಣ ಉಜ್ಜಿಸಬೇಡಿ. ಮನೆ ಪೇಂಟಿನಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ, ಹಳೆ ಎನಾಮೆಲ್‌ನಲ್ಲಿ ಎಷ್ಟು ಬೇಕಾದರೂ ಇರಬಹುದು. ಬಾಗಿಲು ಕಳಚಿ ಹೊರಗೆ ಇಟ್ಟು, ಅಡಿಗೆ ಪ್ಲಾಸ್ಟಿಕ್ ಹಾಸಿ, ನೀರು ಹಾಕಿ ಉಜ್ಜಿಸಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಆ ಚೂರುಗಳನ್ನು ತೋಟಕ್ಕೆ ಎಸೆಯಬೇಡಿ, ಸುಡಲೂ ಬೇಡಿ.