ಪದಚರ್ಚೆ: ‘ಶಕ್ತಿ ಬಳಕೆ’ಗೆ ಬೇರೆ ಮಾತು ಬೇಕಾಗಿದೆ, ನಾಳೆ ಫಾರ್ಮ್ ಅಚ್ಚಿಗೆ

ನವನಗರ, ಬಾಗಲಕೋಟೆಯಿಂದ:

ಎಲ್ಲರಿಗೂ ನಮಸ್ಕಾರ. ಮನೆಮಂದಿಯ ದಿನದ ಓಡಾಟಕ್ಕೂ ಕರೆಂಟು, ಗ್ಯಾಸ್, ಪೆಟ್ರೋಲ್ ಬಳಕೆಗೂ ಇರುವ ನಂಟನ್ನು ಲೆಕ್ಕಕ್ಕೆ ತರುವ ಮಾಡೆಲ್‌ಗಾಗಿ ಒಂದು ಸಮೀಕ್ಷೆ ನಡೆಯಲಿದೆ. ಅದರ ಫಾರ್ಮನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಾಡೆಲ್‌ನ ತಿರುಳು ಇಷ್ಟೇ: ಬಸ್ ಹತ್ತುವ ಆಸೆಗೆ ಯಾರೂ ಬಸ್ ಹತ್ತುವುದಿಲ್ಲ, ಕೆಲಸ, ಶಾಲೆ, ಸಂತೆ ಇದ್ದಾಗ ಹತ್ತುತ್ತಾರೆ. ಆದ್ದರಿಂದ ಮೊದಲು ದಿನಚರಿ ಬರೆಸಿಕೊಂಡು, ಓಡಾಟವನ್ನೂ ಮನೆಯ ಕರೆಂಟನ್ನೂ ಅದರಿಂದಲೇ ಲೆಕ್ಕ ಹಾಕುತ್ತಾರೆ. ಮನೆಯಲ್ಲೇ ಕೂತು ಆಫೀಸ್ ಕೆಲಸ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ, ಆದರೆ ಏಪ್ರಿಲ್ ಬಿಸಿಲಿಗೆ ಕೂಲರ್ ದಿನವಿಡೀ ತಿರುಗುತ್ತದೆ.

ಕರಡಿನಲ್ಲಿ ‘ಎನರ್ಜಿ’ ಬಳಕೆಗೆ ‘ಶಕ್ತಿ ಬಳಕೆ’ ಎಂದಿದೆ. ಪಕ್ಕದ ಮನೆಯ ಅಕ್ಕಾರಿಗೆ ಓದಿ ತೋರಿಸಿದೆ. ‘ಹೂಂರಿ, ತವರಿಗೆ ಹೋಗಾಕ ಬಳಸ್ತೀನಿ, ಆಧಾರ್ ತೋರಿಸಿದ್ರ ಸಾಕು’ ಅಂದರು. 2023ರ ಜೂನ್‌ನಿಂದ ಇಲ್ಲಿ ಶಕ್ತಿ ಅಂದರೆ ಹೆಂಗಸರ ಉಚಿತ ಬಸ್ಸು. ‘ಎನರ್ಜಿ’ಗೂ ‘ಟ್ರಿಪ್‌’ಗೂ ಮಾತು ಬೇಕು.

ವಿಜಯಪುರದಿಂದ:

‘ಇಂಧನ’ ಮಾತ್ರ ಬೇಡ. ‘ಇಂಧ್’ ಧಾತುವಿಗೆ ಉರಿಸು ಎಂದರ್ಥ, ‘ಸಮಿಧೆ’ಯೂ ಅದರದೇ ಕುಡಿ. ಕೂಡಗಿ ಸ್ಥಾವರದ 2,400 ಮೆಗಾವ್ಯಾಟ್ ಕರೆಂಟು ಕಲ್ಲಿದ್ದಲಿನದು, ಅಲ್ಲಿಗೆ ಸರಿ. ಆಲಮಟ್ಟಿಯ 290 ಮೆಗಾವ್ಯಾಟ್ ನೀರಿನದು. ಅಲ್ಲಿ ಉರಿಯುವುದೇನು? ‘ಊರ್ಜೆ’ ಎನ್ನಿ.

ಜಮಖಂಡಿಯಿಂದ:

ಊರ್ಜೆ ಹಿಂದಿಯವರ ರೂಢಿ. ‘ಕಸುವು’ ನಮ್ಮದೇ ಇರುವಾಗ ಸಂಸ್ಕೃತದ ಬಾಗಿಲಿಗೆ ಏಕೆ ಹೋಗಬೇಕು?

ಬೆಳಗಾವಿಯಿಂದ:

ಕಸುವು ಆಗದ ಮಾತು. ‘ಮೈಯಾಗ ಕಸುವಿಲ್ಲ’ ಅನ್ನುವ ಸೀಮೆಯಲ್ಲಿ ‘ಎಷ್ಟು ಕಸುವು ಬಳಸುತ್ತೀರಿ’ ಎಂದರೆ ದವಾಖಾನೆಯವರು ಬಂದರು ಅಂದುಕೊಳ್ಳುತ್ತಾರೆ.

ಟ್ರಿಪ್‌ಗೆ ‘ಪ್ರಯಾಣ’ ಬರೆದರೂ ಕೆಟ್ಟಿತು. ಚೀಲ ಕಟ್ಟಿಕೊಂಡು ದೂರ ಹೊರಟರೆ ಪ್ರಯಾಣ. ಮಗನನ್ನು ಶಾಲೆಗೆ ಬಿಟ್ಟು, ಹಾಗೇ ಗಿರಣಿಯಲ್ಲಿ ಜೋಳದ ಡಬ್ಬಿ ಇಟ್ಟು, ಬರುವಾಗ ಕಾಯಿಪಲ್ಲೆ ತಂದವರು ‘ನಾ ಎಲ್ಲೂ ಹೋಗಿಲ್ರಿ’ ಎನ್ನುತ್ತಾರೆ. ಆ ಓಡಾಟವಷ್ಟೂ ಲೆಕ್ಕ ತಪ್ಪಿತು. ಸಣ್ಣ ನಡಿಗೆಗಳು ಬಿಟ್ಟುಹೋಗುವುದು ಇಂಥ ಸಮೀಕ್ಷೆಗಳ ಹಳೆಯ ರೋಗ, ಹೆಚ್ಚಾಗಿ ಹೆಂಗಸರ ಓಡಾಟಕ್ಕೇ ಅದರ ಪೆಟ್ಟು. ಒಂದು ಸಲ ಹೋಗಿ ಬರುವುದಕ್ಕೆ ನಮ್ಮಲ್ಲಿ ‘ಖೇಪು’ ಇದೆಯಲ್ಲ, ಉಸುಕಿನ ಟ್ರ್ಯಾಕ್ಟರಿಗೂ ಕಬ್ಬಿನ ಲಾರಿಗೂ ನಡೆಯುವ ಮಾತು.

ಜಮಖಂಡಿಯಿಂದ:

ಖೇಪು ಮರಾಠಿಯದು. ಗಡಿಯಲ್ಲಿರುವ ನೀವೇ ಹೀಗೆ ಬರೆದರೆ ಹೇಗೆ?

ವಿಜಯಪುರದಿಂದ:

ಮರಾಠಿಗೂ ಅದರ ಮೂಲ ಸಂಸ್ಕೃತದ ‘ಕ್ಷೇಪ’.

ಬೆಳಗಾವಿಯಿಂದ:

ಎಲ್ಲಿಂದಲಾದರೂ ಬಂದಿರಲಿ. ಅರ್ಜಿ, ತಾರೀಖು, ಜಮೀನು ಪಾರಸಿ ದಾರಿಯಲ್ಲಿ ಬಂದವು. ಅವನ್ನು ಬಿಟ್ಟು ತಹಶೀಲ್ದಾರರ ಮುಂದೆ ಹೇಗೆ ಮಾತಾಡುತ್ತೀರಿ?

ಜಮಖಂಡಿಯಿಂದ:

ಹೀಗಂತಲೇ ‘ಸೂಟಿ’ ಬಂದು ‘ಬಿಡುವು’ ಮೂಲೆ ಸೇರಿತು. ಹಳೆಯದು ಬಂದಾಗಿದೆ ಎಂದು ಹೊಸದಕ್ಕೂ ಬಾಗಿಲು ತೆರೆದಿಡಬೇಕೆ?

ನವನಗರದಿಂದ:

ಪ್ರೆಸ್ಸಿನವರು ಕಾಯುವುದಿಲ್ಲ, ಹೀಗೆ ಬರೆದಿದ್ದೇನೆ: ‘ನಿನ್ನೆ ಮನೆ ಬಿಟ್ಟು ಎಲ್ಲೆಲ್ಲಿಗೆ ಹೋಗಿ ಬಂದಿರಿ? ನಡೆದು ಹೋದದ್ದನ್ನೂ ಹೇಳಿ.’ ಇನ್ನೊಂದು: ‘ಕರೆಂಟು, ಗ್ಯಾಸ್, ಪೆಟ್ರೋಲ್ ಯಾವ ಕೆಲಸಕ್ಕೆ, ಎಷ್ಟು ಖರ್ಚಾಯಿತು?’ ಖೇಪು ಗಣತಿದಾರರ ಸೂಚನೆಯಲ್ಲಿ ಇರುತ್ತದೆ. ವರದಿಯ ಹೆಸರಿನಲ್ಲಿ ‘ವಿದ್ಯುತ್ ಮತ್ತು ಇಂಧನ’ ಎಂದು ಎರಡನ್ನೂ ಇಟ್ಟಿದ್ದೇನೆ.

ಬೆಳಗಾವಿಯಿಂದ:

‘ಖರ್ಚಾಯಿತು’ ತೆಗೆಯಿರಿ. ಉಚಿತ ಕರೆಂಟಿನ ಗೃಹಜ್ಯೋತಿಯಲ್ಲಿ ತಮಗೆ ಗೊತ್ತುಮಾಡಿದ ಮಿತಿಯೊಳಗೆ (ಹೆಚ್ಚೆಂದರೆ 200 ಯೂನಿಟ್) ಬಳಸಿದವರಿಗೆ ಬಿಲ್ಲು ಸೊನ್ನೆ ಬರುತ್ತದೆ, ಖರ್ಚು ಎಷ್ಟು ಎಂದರೆ ‘ಏನೂ ಇಲ್ರಿ’ ಅಂತಾರೆ. ಕೂಲರ್, ಮಿಕ್ಸರ್, ಮೋಟರ್ ಎಷ್ಟು ಹೊತ್ತು ಹಚ್ಚಿದ್ದಿರಿ ಎಂದು ಕೇಳಿ, ಯೂನಿಟ್ ಅಂಕಿಯನ್ನು ಬಿಲ್ಲು ನೋಡಿ ಗಣತಿದಾರರೇ ಬರೆದುಕೊಳ್ಳಲಿ.