ಮನೆ ಬದಲಿಸಿದ ಮೇಲೆ ಕೈ ಕೂರುತ್ತಿಲ್ಲ. ಪುಸ್ತಕ ಕಟ್ಟುವವರು ದಾರಿ ಹೇಳಬೇಕು

ದಾರದುಂಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಅವೆನ್ಯೂ ರಸ್ತೆಯ ಪಕ್ಕದ ಗಲ್ಲಿಯೊಂದರಲ್ಲಿ, ಹತ್ತಡಿ ಅಗಲದ ಬಾಡಿಗೆ ಮಳಿಗೆಯಲ್ಲಿ, ಮಾವನವರ ಕೈಕೆಳಗೆ ಕೆಲಸ ಕಲಿತು 22 ವರ್ಷ ಪುಸ್ತಕ ಕಟ್ಟಿದವಳು ನಾನು. ಹೊಟ್ಟೆಪಾಡು ನಡೆದದ್ದು ಕಾಲೇಜಿನ ಮಹಾಪ್ರಬಂಧಗಳ ಕಪ್ಪು ರೆಕ್ಸಿನ್ ಕಟ್ಟುಗಳಿಂದ ಮತ್ತು ಕಚೇರಿಗಳ ರಿಜಿಸ್ಟರುಗಳಿಂದ. ಆದರೆ ಸಂಜೆ ಅಂಗಡಿಯ ಷಟರನ್ನು ಅರ್ಧಕ್ಕೆ ಎಳೆದ ಮೇಲೆ ಗುಳೇದಗುಡ್ಡದ ಖಣದ ತುಂಡುಗಳನ್ನು ಹೊದಿಸಿ ನಾನು ಕಟ್ಟುತ್ತಿದ್ದ ಖಾಲಿ ಹಾಳೆಯ ಪುಸ್ತಕಗಳೇ ನನ್ನವು ಎಂದು ಹೇಳಿಕೊಳ್ಳಬಹುದಾದ ಕೆಲಸ. ಯಾರೂ ಕೇಳದಿದ್ದರೂ ಮಾಡುತ್ತಿದ್ದೆ, ಮಾಡಿದ ಮೇಲೆ ಹೇಗೋ ಕೊಳ್ಳುವವರು ಸಿಗುತ್ತಿದ್ದರು.

ಮಾವನವರು ತೀರಿಕೊಂಡ ಮೇಲೆ ಮಳಿಗೆಯನ್ನು ಬಿಟ್ಟುಕೊಟ್ಟು, ಈ ಮೇ ತಿಂಗಳಿನಲ್ಲಿ ಸಾಗರದ ಸಮೀಪದ ನಮ್ಮ ಊರಿಗೆ ಬಂದೆವು. ಹಳೆಯ ಮನೆಯ ಹಿತ್ತಲಿನಲ್ಲಿ ಹೊಸದಾಗಿ ಕಟ್ಟಿಸಿದ ಮನೆ ಇದು. ಆಷಾಢ ಹಿಡಿಯುವ ಮೊದಲೇ ಹಾಲು ಉಕ್ಕಿಸಬೇಕೆಂದು ಹಿರಿಯರು ಅವಸರಪಡಿಸಿದ್ದರಿಂದ ಗೋಡೆಯ ಗಾರೆ ಸರಿಯಾಗಿ ಆರುವುದಕ್ಕೂ ಮುಂಚೆ ಗೃಹಪ್ರವೇಶ ಆಯಿತು. ನನಗೆಂದು ಮಹಡಿಯ ಮೇಲೆ ದೊಡ್ಡ ಕಿಟಕಿಯ ಒಂದು ಕೋಣೆಯನ್ನೂ, ಸಾಗುವಾನಿಯ ಎತ್ತರದ ಮೇಜೊಂದನ್ನೂ ಮನೆಯವರು ಪ್ರೀತಿಯಿಂದ ಮಾಡಿಸಿಕೊಟ್ಟಿದ್ದಾರೆ. ಸಾಗಾಣಿಕೆಯವರು ಎರಕದ ಕಬ್ಬಿಣದ ಸ್ಕ್ರೂ ಪ್ರೆಸ್ಸನ್ನು ಲಾರಿಯಿಂದ ಇಳಿಸುವಾಗ ಕೈಬಿಟ್ಟು, ಅದರ ತಿರುಗುಚಕ್ರದ ಅಂಚು ಸೀಳಿದ್ದೊಂದನ್ನು ಬಿಟ್ಟರೆ ಉಳಿದೆಲ್ಲವೂ ನೆಟ್ಟಗೆ ಬಂದು ತಲುಪಿದೆ.

ಬಂದು ಎರಡೂವರೆ ತಿಂಗಳಾದರೂ ಒಂದು ಪುಸ್ತಕವನ್ನೂ ಸರಿಯಾಗಿ ಕಟ್ಟಲಾಗಿಲ್ಲ. ಪ್ರಯತ್ನಪಟ್ಟು ಮಾಡಿದ ಎರಡು ಪುಸ್ತಕಗಳಲ್ಲಿ ಒಂದರ ರಟ್ಟು ಹಪ್ಪಳದಂತೆ ಸೊಟ್ಟಗಾಯಿತು. ಇನ್ನೊಂದರಲ್ಲಿ ಮೈದಾ ಅಂಟು ಖಣದ ನೇಯ್ಗೆಯೊಳಗಿಂದ ಮೇಲಕ್ಕೆ ಹಾಯ್ದು, ಅಂಚಿನ ಕೆಂಪಿನ ಮೇಲೆ ನೀರುಕಲೆಯಂತಹ ಗುರುತು ಉಳಿಯಿತು, ಆರು ದಿನ ಕಳೆದಾಗ ಒಳಪುಟದ ಮೇಲೆ ಬೂದುಬಣ್ಣದ ಬೂಷ್ಟು ಕಾಣಿಸಿತು. ಅತ್ತೆಯವರು ‘ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಡು, ಅಡಿಕೆಯೇ ಒಣಗುತ್ತದೆ, ನಿನ್ನ ಪುಸ್ತಕ ಒಣಗುವುದಿಲ್ಲವೇ’ ಎನ್ನುತ್ತಾರೆ. ಉಳಿದ ಡಬ್ಬಗಳನ್ನು ಬಿಚ್ಚುವುದಕ್ಕೂ ಮನಸ್ಸಾಗುತ್ತಿಲ್ಲ. ಕೋಣೆಯನ್ನು ಪೂರ್ತಿ ಸಜ್ಜುಗೊಳಿಸಿದ ಮೇಲೆ ಕೆಲಸ ಹಿಡಿಯಲೇ, ಅಥವಾ ಹೀಗೆಯೇ ಶುರುಮಾಡಲೇ? ನಿಮ್ಮಲ್ಲಿ ಮನೆ ಬದಲಿಸಿದವರು ಕೈಯನ್ನು ಮತ್ತೆ ಹೇಗೆ ಕೂರಿಸಿಕೊಂಡಿರಿ?

ಹಳೇರಟ್ಟು (ಮೈಸೂರು):

ತಂಗಿ, ನೀನು ಕೇಳದೆ ಇರುವ ಒಂದು ಪ್ರಶ್ನೆಯಿಂದ ಆರಂಭಿಸುತ್ತೇನೆ. ಆ ಮಳಿಗೆಯಲ್ಲಿ ನೀನು ಹೇಗೆ ಕೂರುತ್ತಿದ್ದೆ? ಅವೆನ್ಯೂ ರಸ್ತೆಯ ಹಳಬರನ್ನು ನಾನು ಬಲ್ಲೆ. ಬಹುಮಂದಿ ನೆಲದ ಮೇಲೆ ಚಾಪೆ ಹಾಕಿ, ಮುಂದೆ ಗಿಡ್ಡ ಮಣೆ ಇಟ್ಟುಕೊಂಡು, ಹೊಲಿಯುವ ದಾರದ ಬಿಗುವನ್ನು ಎಡಗಾಲಿನ ಹೆಬ್ಬೆರಳಿನಲ್ಲಿ ಹಿಡಿಯುತ್ತಿದ್ದವರು. ನೀನೂ ಹಾಗೆಯೇ ಕಲಿತಿದ್ದರೆ ಸಾಗುವಾನಿ ಮೇಜಿನ ಮುಂದೆ ನಿಂತಾಗ ನಿನ್ನ ಕಾಲಿಗೆ ಕೆಲಸವಿಲ್ಲ, ಭುಜ ಮೇಲಕ್ಕೆ ಏರಿರುತ್ತದೆ, ದಾರ ಒಮ್ಮೆ ಸಡಿಲ, ಒಮ್ಮೆ ಬಿಗಿ. ಇದನ್ನು ಮನಸ್ಸಿನ ಮಂಕು ಎಂದು ತಿಳಿದುಕೊಳ್ಳಬೇಡ. ಮನೆಯವರಿಗೆ ನೋವಾಗದಂತೆ ಹೇಳಿ, ಮೇಜನ್ನು ರಟ್ಟು ಕತ್ತರಿಸುವುದಕ್ಕೂ ಅಂಟು ಸವರುವುದಕ್ಕೂ ಇಟ್ಟುಕೊಂಡು, ಹೊಲಿಗೆಗೆ ಮಾತ್ರ ನೆಲಕ್ಕೆ ಇಳಿ.

ಇನ್ನು ರಟ್ಟು ಸೊಟ್ಟಗಾದ ವಿಚಾರ. ಕಾಗದ, ರಟ್ಟು, ಬಟ್ಟೆ ಮೂರಕ್ಕೂ ನಾರಿನ ದಿಕ್ಕು ಉಂಟು ಎಂಬುದು ನಿನಗೆ ಗೊತ್ತಿರುವುದೇ; ನೀರು ತಗುಲಿದರೆ ನಾರಿಗೆ ಅಡ್ಡಲಾಗಿ ಹಿಗ್ಗುತ್ತವೆ, ಆರುವಾಗ ಕುಗ್ಗುತ್ತವೆ. ಮೂರರ ನಾರೂ ಪುಸ್ತಕದ ಬೆನ್ನಿಗೆ ಸಮಾಂತರವಾಗಿ ಇರಬೇಕು. ಬೆಂಗಳೂರಿನ ಒಣ ಹವೆಯಲ್ಲಿ ಅಂಟು ಗಂಟೆಗಳಲ್ಲಿ ಆರಿಬಿಡುತ್ತಿದ್ದುದರಿಂದ ಒಂದೆರಡು ತಪ್ಪು ಮಾಫಿಯಾಗುತ್ತಿತ್ತು; ಮಲೆನಾಡಿನ ಮಳೆಗಾಲ ಯಾವ ತಪ್ಪನ್ನೂ ಮನ್ನಿಸುವುದಿಲ್ಲ. ಡಬ್ಬದೊಳಗಿನ ರಟ್ಟುಗಳ ಮೇಲೆ ನಾರಿನ ಗುರುತು ಹಾಕಿರದಿದ್ದರೆ, ಒಂದು ಚೂರನ್ನು ಒಂದೇ ಮಗ್ಗುಲಿಗೆ ಒದ್ದೆ ಮಾಡಿ ನೋಡು: ಅದು ಕೊಳವೆಯಂತೆ ಬಾಗುತ್ತದೆ, ಆ ಕೊಳವೆಯ ಉದ್ದವೇ ನಾರಿನ ದಿಕ್ಕು. ಜೊತೆಗೆ, ಹೊರಗಿನ ಬಟ್ಟೆ ಆರುತ್ತಾ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಒಳಮೈಗೆ ಒಂದು ಕಾಗದ ಅಂಟಿಸಿದರೆ ಅದು ಎದುರು ಕಡೆಯಿಂದ ಎಳೆದು ಸಮ ಮಾಡುತ್ತದೆ. ಖಣಕ್ಕೆ ಅಂಟನ್ನು ನೇರವಾಗಿ ಸವರುವ ಬದಲು, ಬಟ್ಟೆಯನ್ನು ಮಗುಚಿ ಹಾಸಿ, ತೆಳುಕಾಗದಕ್ಕೆ ಗಟ್ಟಿ ಅಂಟನ್ನು ಸವರಿ ಅದರ ಹಿಂಬದಿಗೆ ಕೂರಿಸಿ, ಪೂರ್ತಿ ಆರಲು ಬಿಡು. ಆಮೇಲೆ ಕಲೆ ಮೇಲೆ ಬರುವ ಮಾತಿಲ್ಲ.

ಒಡೆದ ಚಕ್ರವನ್ನು ಊರಿನ ಸಾಮಾನ್ಯ ವೆಲ್ಡಿಂಗ್‌ನವರ ಕೈಗೆ ಕೊಡಬೇಡ. ಎರಕದ ಕಬ್ಬಿಣವನ್ನು ಮೊದಲು ಕಾಯಿಸದೆ ಬೆಸೆದರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಹಿತ್ತಾಳೆ ಬೆಸುಗೆ ಬಲ್ಲವರನ್ನು ಹುಡುಕು, ಇಲ್ಲವೇ ಸೀಳಿನ ಎರಡೂ ಕಡೆ ಪಟ್ಟಿ ಇಟ್ಟು ಬೋಲ್ಟ್ ಹಾಕಿಸು. ಅಲ್ಲಿಯ ತನಕ ಎರಡು ಹಲಗೆ ಮತ್ತು ಅಂಗಳದ ಕಲ್ಲು ಸಾಕು. ನನ್ನ ಮೊದಲ ಹತ್ತು ವರ್ಷ ಅವೇ ಪ್ರೆಸ್ಸು.

ದಾರದುಂಡೆ:

ಅಣ್ಣಾ, ಹೆಬ್ಬೆರಳಿನ ಮಾತು ಓದಿ ನಗು ಬಂತು. ಮೇಜಿನ ಮುಂದೆ ನಿಂತಾಗಲೂ ನನ್ನ ಎಡಗಾಲು ಏನನ್ನೋ ಹುಡುಕುತ್ತಿರುತ್ತದೆ. ಇಂದು ಚಾಪೆ ಹಾಸಿದ್ದೇನೆ. ಇನ್ನೊಂದು ವಿಷಯ: ಮಾವನವರು ಮೈದಾ ಅಂಟಿಗೆ ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಇಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮೂಟೆಗಟ್ಟಲೆ ಮೈಲುತುತ್ತವೇ ಕೊಟ್ಟಿಗೆಯಲ್ಲಿದೆ. ಪ್ರಮಾಣ ಹೆಚ್ಚಿಸಿದರೆ ಬೂಷ್ಟು ನಿಲ್ಲುತ್ತದೆಯೇ?

ಕಡಲತೀರದ ಓದುಗ (ಗ್ರಂಥಾಲಯ ಸಿಬ್ಬಂದಿ, ಕರಾವಳಿ):

ದಯವಿಟ್ಟು ಹೆಚ್ಚಿಸಬೇಡಿ. ಮೈಲುತುತ್ತ ವಿಷ, ಅದರಲ್ಲೂ ಅಂಟನ್ನು ಅಡುಗೆಮನೆಯ ಒಲೆಯ ಮೇಲೆ ಕುದಿಸುವ ಮನೆಯಲ್ಲಿ ಅದರ ಪಾತ್ರೆ, ಸೌಟು ಎರಡನ್ನೂ ಗುರುತು ಹಾಕಿ ಪ್ರತ್ಯೇಕ ಇಡದಿದ್ದರೆ ಅನಾಹುತ. ಬೇಕಾದಷ್ಟೇ ಅಂಟು ಕಾಯಿಸಿ, ಮರುದಿನಕ್ಕೆ ಉಳಿದದ್ದನ್ನು ಚೆಲ್ಲುವುದು ಇದಕ್ಕಿಂತ ಅಗ್ಗ. ನಮ್ಮಲ್ಲಿ ಹಿಂದೆ ಕೆಲವರು ಪಟಿಕವನ್ನೂ ಹಾಕುತ್ತಿದ್ದರು. ಅದರ ಆಮ್ಲೀಯತೆ ಕಾಗದವನ್ನು ವರ್ಷಗಳ ಮೇಲೆ ಪೆಡಸು ಮಾಡುತ್ತದೆ.

ನಿಮ್ಮ ಸಮಸ್ಯೆಯ ಬೇರು ಹೊಸ ಮನೆಯಲ್ಲೇ ಇದೆ ಎಂದು ನನ್ನ ಅನಿಸಿಕೆ. ಹೊಸ ಗಾರೆ, ಹೊಸ ಕಾಂಕ್ರೀಟು ತಮ್ಮೊಳಗಿನ ನೀರನ್ನು ತಿಂಗಳುಗಟ್ಟಲೆ ಹೊರಗೆ ಬಿಡುತ್ತಿರುತ್ತವೆ. ಅದರ ಮೇಲೆ ಮಳೆಗಾಲ. ಒಂದು ಸಣ್ಣ ಡಿಜಿಟಲ್ ತೇವಮಾಪಕವನ್ನು ಕೋಣೆಯಲ್ಲಿ ಇಡಿ. ಗಾಳಿಯ ಸಾಪೇಕ್ಷ ತೇವಾಂಶ 65 ಪ್ರತಿಶತ ದಾಟಿ ನಿಂತರೆ ಬೂಷ್ಟು ಖಂಡಿತ ಎಂದೇ ತಿಳಿಯಿರಿ. ಕಪಾಟನ್ನು ಗೋಡೆಯಿಂದ ಮೂರು ಇಂಚಾದರೂ ಈಚೆಗೆ ಎಳೆದು, ನೆಲದಿಂದ ಎತ್ತರಿಸಿ, ಫ್ಯಾನು ತಿರುಗಲು ಬಿಡಿ. ನುಸಿಗುಳಿಗೆ ಹುಳುವಿಗೆ ಹೊರತು ಬೂಷ್ಟಿಗಲ್ಲ. ತಾಳೆಗರಿಗೆ ಸವರುವ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಕಾಗದಕ್ಕೆ ಸವರಿ ಕೆಡಿಸಿದವರನ್ನೂ ನಾನು ಕಂಡಿದ್ದೇನೆ. ಬಚ್ಚಲೊಲೆಯ ಅಟ್ಟದ ಮಾತಿನಲ್ಲಿ ನಿಮ್ಮ ಅತ್ತೆಯವರು ಅರ್ಧ ಸರಿ: ಅಲ್ಲಿ ಒಣಹವೆ ಉಂಟು, ಆದರೆ ಹೊಗೆಯೂ ಉಂಟು; ಬಿಳಿಯ ಹಾಳೆ ಹಳದಿಗೆ ತಿರುಗಿ ಜನ್ಮವಿಡೀ ಹೊಗೆ ನಾರುತ್ತದೆ. ಅಟ್ಟದಲ್ಲಿ ಬರಿಯ ರಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿಡಬಹುದು, ಹೊಲಿದ ಪುಸ್ತಕವನ್ನು ಬೇಡ.

ಇನ್ನೂ ಬಿಚ್ಚದ ಡಬ್ಬಗಳನ್ನು ಮಾತ್ರ ಈ ವಾರವೇ ಬಿಚ್ಚಿ. ಪುಸ್ತಕಗಳನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿದ್ದರೆ ಹಾಳೆಗಳ ಭಾರ ಹೊಲಿಗೆಯನ್ನು ರಟ್ಟಿನಿಂದ ಜಗ್ಗುತ್ತಿರುತ್ತದೆ.

ಬಿಳಿಹಾಳೆ (ಧಾರವಾಡ):

ಮೇಲಿನ ಇಬ್ಬರು ಹಿರಿಯರ ಮಾತಿಗೂ ನನ್ನ ಒಪ್ಪಿಗೆ ಇದೆ, ಒಂದು ತಕರಾರನ್ನು ಬಿಟ್ಟು. ಬೆಂಗಳೂರಿನ ಮಳಿಗೆಯ ಕೆಲಸವನ್ನೇ ಮಲೆನಾಡಿನಲ್ಲಿ ಮಳೆಗಾಲದಲ್ಲಿ ಮಾಡಿಸುವುದಕ್ಕೆ ಎಲ್ಲರೂ ಉಪಾಯ ಹುಡುಕುತ್ತಿದ್ದೇವೆ. ಅಕ್ಕಾ, ನಾಲ್ಕು ತಿಂಗಳು ಅಂಟೇ ಬೇಡ ಎಂದುಕೊಂಡರೆ ಏನಾದೀತು? ಫಾರಂಗಳನ್ನು (ಒಟ್ಟಿಗೆ ಮಡಿಸಿ ಹೊಲಿಯುವ ಹಾಳೆಗಳ ಕಂತೆಗಳನ್ನು) ಮಡಿಸುವುದು, ದಬ್ಬಣದಿಂದ ತೂತು ಹಾಕುವುದು, ಜೇನುಮೇಣ ಸವರಿದ ದಾರದಲ್ಲಿ ಹೊಲಿಯುವುದು, ಇವು ಯಾವುವೂ ಆರುವುದಕ್ಕೆ ಕಾಯುವ ಕೆಲಸಗಳಲ್ಲ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಬಳಸಿದ ಸರಪಳಿ ಹೊಲಿಗೆಯಲ್ಲಿ ಒಂದು ಫಾರಂ ಇನ್ನೊಂದನ್ನು ಕುಣಿಕೆಯಿಂದ ಹಿಡಿದು ನಿಲ್ಲಿಸುತ್ತದೆ, ಬೆನ್ನು ಬಯಲಾಗಿರುತ್ತದೆ, ಪುಸ್ತಕ ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಫಾರಂಗಳನ್ನು ಒಂದೊಂದಾಗಿ ಸೇರಿಸಿ ಹೊಲಿಯುವ ನಮ್ಮ ಬೈಂಡಿಂಗ್ ಅಂಗಡಿಗಳ ‘ಜುಸ್’ ಹೊಲಿಗೆ ಬಲ್ಲ ಕೈಗೆ ಇದು ಒಂದು ಮಧ್ಯಾಹ್ನದ ಪಾಠ.

ಅಥವಾ ಇನ್ನೂ ಹತ್ತಿರದ್ದನ್ನು ನೋಡಿ. ನಮ್ಮ ಹಳೆಯ ಕಡತಗಳು ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದ ಬಟ್ಟೆಯ ಮಡಿಕೆಗಳು; ಬಳಪದಿಂದ ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂತಹ ಕಡತಗಳ ದೊಡ್ಡ ರಾಶಿ ಉಳಿದುಬಂದಿದೆ. ಮಡಿಕೆಯ ಪುಸ್ತಕಕ್ಕೆ ಬೆನ್ನೇ ಇಲ್ಲ, ಸೊಟ್ಟಗಾಗುವ ರಟ್ಟೂ ಇಲ್ಲ. ನೀವು ಕಾಗದದಲ್ಲಿಯೇ ಆ ಮಡಿಕೆಯನ್ನು ಮಾಡಿ, ಖಣವನ್ನು ಅಂಟಿಸುವ ಬದಲು ಚೀಲದಂತೆ ಹೊಲಿದು ಹೊದಿಸಿ. ನಿಮ್ಮ ಪಕ್ಕದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಓಲೆಗರಿ, ಕಾಗದದ ಹಸ್ತಪ್ರತಿಗಳಿವೆ; ಮಳೆ ಬಿಟ್ಟ ಒಂದು ದಿನ ಹೋಗಿ ಅವುಗಳ ದಾರ ಮತ್ತು ಹಲಗೆಗಳನ್ನು ನೋಡಿ ಬನ್ನಿ, ಬರಹವನ್ನು ಆಮೇಲೆ ಓದಿದರಾಯಿತು.

ಹಳೇರಟ್ಟು (ಮೈಸೂರು):

ಹುಡುಗನ ಮಾತು ಸರಿ. ನಾವು ಅಂಟಿನವರು, ನಮಗೆ ಇದು ಹೊಳೆಯಲಿಲ್ಲ. ಆದರೆ ಚೀಲದಂತೆ ಹೊಲಿಯುವಾಗ ಖಣದ ಕತ್ತರಿಸಿದ ಅಂಚು ಎಳೆಬಿಡುತ್ತದೆ, ಅರ್ಧ ಇಂಚು ಒಳಮಡಿಕೆ ಬಿಡುವುದನ್ನು ಮರೆಯಬೇಡ.

ದಾರದುಂಡೆ:

ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಾಗರಪಂಚಮಿಗೆ ಮನೆಯ ತುಂಬ ಜನ. ತೇವಮಾಪಕ ತರಿಸಿದೆ: ಮಹಡಿಯ ಕೋಣೆಯಲ್ಲಿ 88, ಹಳೆಯ ಮನೆಯ ಒಳಜಗಲಿಯಲ್ಲಿ 74. ನನಗೆಂದು ಕಟ್ಟಿಸಿದ ಕೋಣೆಗಿಂತ ನೂರು ವರ್ಷದ ಮಣ್ಣಿನ ಗೋಡೆ ಒಣಗಿದೆ ಎಂದು ಮನೆಯವರಿಗೆ ಹೇಳುವುದು ಸುಲಭವಾಗಿರಲಿಲ್ಲ, ಅಂಕಿ ತೋರಿಸಿದ ಮೇಲೆ ಒಪ್ಪಿದರು. 74 ಕೂಡ ಅಂಟಿಗೆ ಹೆಚ್ಚೇ ಆದ್ದರಿಂದ ದೀಪಾವಳಿಯವರೆಗೆ ಮೈದಾ ಡಬ್ಬಿಯನ್ನು ಅಡುಗೆಮನೆಗೆ ಹಿಂತಿರುಗಿಸಿದ್ದೇನೆ. ಅದು ಅಲ್ಲಿ ಪರೋಟವಾಗುತ್ತಿದೆ.

ಈಗ ಜಗಲಿಯ ಕಂಬಕ್ಕೆ ಒರಗಿ ಚಾಪೆಯ ಮೇಲೆ ಕೂರುತ್ತೇನೆ. ಸರಪಳಿ ಹೊಲಿಗೆಯ ಮೊದಲ ಪುಸ್ತಕದಲ್ಲಿ ಮೂರನೆಯ ಫಾರಂನ ಕುಣಿಕೆ ತಪ್ಪಿ ಬೆನ್ನು ಒಂದು ಕಡೆಗೆ ವಾಲಿತು, ಬಿಚ್ಚಿ ಮತ್ತೆ ಹೊಲಿದೆ. ಎರಡನೆಯದು ನಿಂತಿದೆ. ಎಂಟು ಫಾರಂ, ಕೆಂಪು ದಾರ, ರಟ್ಟಿನ ಬದಲು ಸಾಗರದ ಗುಡಿಗಾರರೊಬ್ಬರ ಅಂಗಳದಲ್ಲಿ ಬಿದ್ದಿದ್ದ ಎರಡು ತೆಳು ಹಲಗೆ. ಅವರು ದುಡ್ಡು ತೆಗೆದುಕೊಳ್ಳಲಿಲ್ಲ, ಲೆಕ್ಕ ಬರೆಯುವುದಕ್ಕೆ ಇಂತಹದೇ ಒಂದನ್ನು ಮಾಡಿಕೊಡಬೇಕಂತೆ. ಖಣದ ಚೀಲಕ್ಕೆ ಒಳಮಡಿಕೆ ಬಿಟ್ಟಿದ್ದೇನೆ ಅಣ್ಣಾ. ಪ್ರೆಸ್ಸಿನ ಚಕ್ರಕ್ಕೆ ಬೋಲ್ಟ್ ಹಾಕುವವರು ಶಿವಮೊಗ್ಗದಲ್ಲಿ ಸಿಕ್ಕಿದ್ದಾರೆ, ಮಳೆ ಕಡಿಮೆಯಾದ ಮೇಲೆ ಬರುತ್ತಾರೆ. ಸರಪಳಿ ಹೊಲಿಗೆಗೆ ಮೇಣ ಎಷ್ಟು ಸವರಬೇಕು ಎಂದು ಬಿಳಿಹಾಳೆಯವರು ತಿಳಿಸಿದರೆ ಉಪಕಾರವಾಗುತ್ತದೆ. ನನ್ನ ದಾರ ಎರಡನೆಯ ಸುತ್ತಿಗೇ ಕುಣಿಕೆಯಲ್ಲಿ ಸಿಕ್ಕಿಕೊಳ್ಳುತ್ತಿದೆ.

ಬಿಳಿಹಾಳೆ (ಧಾರವಾಡ):

ಅಕ್ಕಾ, ಒಂದೇ ಸಲ ಸವರಿ, ದಾರವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಿಸಿಯಾಗುವಂತೆ ಎರಡು ಬಾರಿ ಎಳೆಯಿರಿ. ಕೈಗೆ ಮೇಣ ಹತ್ತಿದರೆ ಹೆಚ್ಚಾಯಿತು ಎಂದರ್ಥ. ದಾರದ ಉದ್ದವನ್ನೂ ಒಂದು ಮಾರಿಗಿಂತ ಹೆಚ್ಚು ತೆಗೆದುಕೊಳ್ಳಬೇಡಿ. ಮುಗಿದಾಗ ಒಳಮಡಿಕೆಯಲ್ಲಿ ಗಂಟು ಹಾಕಿ ಹೊಸದನ್ನು ಸೇರಿಸಿದರೆ ಸಾಕು.