ಸ್ಟ್ರಾಟಾ ಕಟ್ಟಡದಲ್ಲಿ ಎರಡು ಲಾಟು ಸೇರಿ ಒಂದಾದರೆ: ‘ವಿಲೀನ’ವೋ ‘ಒಗ್ಗೂಡಿಕೆ’ಯೋ?

ಪ್ರಶ್ನೆ: ಸಿಡ್ನಿಯ ಸ್ಟ್ರಾಟಾ ಅಪಾರ್ಟ್‌ಮೆಂಟೊಂದರ (ಪ್ರತಿ ಫ್ಲ್ಯಾಟಿಗೂ ಬೇರೆ ಟೈಟಲ್, ಅಂದರೆ ಒಡೆತನದ ದಾಖಲೆ ಇರುವ ಕಟ್ಟಡ) ಕಾಗದಪತ್ರವನ್ನು ಕನ್ನಡಕ್ಕೆ ತರಬೇಕಾಗಿದೆ. ಅಕ್ಕಪಕ್ಕದ ಎರಡು ಫ್ಲ್ಯಾಟು (ಅಲ್ಲಿನ ಮಾತಲ್ಲಿ ‘ಲಾಟ್’) ಒಂದೇ ಟೈಟಲ್‌ಗೆ ಬರುವುದನ್ನು ಅಲ್ಲಿ ‘ಸ್ಟ್ರಾಟಾ ಪ್ಲ್ಯಾನ್ ಆಫ್ ಕನ್ಸಾಲಿಡೇಷನ್’ ಎಂದಿದ್ದಾರೆ. ‘ಖಾತಾ ವಿಲೀನ’ ಎಂದರೆ ನಡೆದೀತೇ? ಪ್ರತಿ ಲಾಟಿನ ಪಾಲು ಹೇಳುವ ‘ಯೂನಿಟ್ ಎಂಟೈಟಲ್‌ಮೆಂಟ್’ಗೆ ನಮ್ಮ ‘ಅವಿಭಾಜ್ಯ ಪಾಲು’ ಸಾಕೇ?

ಉತ್ತರ: ಎರಡೂ ಬೇಡ. ನಮ್ಮಲ್ಲಿ ಖಾತೆ ಎಂದರೆ ತೆರಿಗೆ ಕಟ್ಟುವವರ ಲೆಕ್ಕ. ಅದರಿಂದ ಒಡೆತನ ಸಿದ್ಧವಾಗದು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಭೂನೋಂದಣಿಯ ದಾಖಲೆಯೇ ಒಡೆತನ. ‘ಹಕ್ಕುಪತ್ರ’ವೂ ಸಲ್ಲದು: ನಮ್ಮವರಿಗೆ ಅದು ಸರ್ಕಾರ ಕೊಡುವ ಕಾಗದ, ಅಲ್ಲಾದರೋ 2021ರ ಅಕ್ಟೋಬರ್ 11ರಿಂದ ಕಾಗದದ ಟೈಟಲ್ ಪತ್ರವೇ ರದ್ದಾಗಿದೆ. ‘ಟೈಟಲ್’ ಎಂದೇ ಉಳಿಸಿ. ‘ಲಾಟ್’ ಕೂಡ ಹಾಗೇ ಇರಲಿ. ‘ನಿವೇಶನ’ ಎಂದರೆ ಓದುಗರು ಖಾಲಿ ಸೈಟು ನೆನೆಯುತ್ತಾರೆ. ಸ್ಟ್ರಾಟಾ ಲಾಟು ಗೋಡೆಗಳ ಒಳಮೈ, ನೆಲದ ಮೇಲ್ಮೈ, ಚಾವಣಿಯ ಕೆಳಮೈ, ಇವುಗಳ ನಡುವಿನ ಜಾಗ.

‘ವಿಲೀನ’ ಎಂದಾಗ ಒಂದು ಇನ್ನೊಂದರಲ್ಲಿ ಕರಗಿತು, ದೊಡ್ಡದು ಉಳಿಯಿತು ಎಂಬ ಭಾವ ಬರುತ್ತದೆ. ಇಲ್ಲಿ ಎರಡೂ ಉಳಿಯುವುದಿಲ್ಲ. 12 ಲಾಟುಗಳ ಕಟ್ಟಡದಲ್ಲಿ 5 ಮತ್ತು 6 ಸೇರಿದರೆ ಆ ಎರಡೂ ಸಂಖ್ಯೆ ಅಳಿದು, 13 ಎಂಬ ಹೊಸ ಲಾಟು ಹುಟ್ಟುತ್ತದೆ. ಆದ್ದರಿಂದ ‘ಲಾಟುಗಳ ಒಗ್ಗೂಡಿಕೆ’, ‘ಒಗ್ಗೂಡಿಕೆ ನಕ್ಷೆ’ ನನ್ನ ಆಯ್ಕೆ. ಯಾವುದಾದರೂ ಲಾಟಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಅಲ್ಲಿನ ‘ಮಾರ್ಟ್‌ಗೇಜ್’ ಪದಕ್ಕೆ ‘ಅಡಮಾನ’ ಬಳಸಿ, ‘ಗಿರವಿ’ ಎಂದರೆ ಚಿನ್ನದಂಗಡಿ ಕಣ್ಣಿಗೆ ಬರುತ್ತದೆ.

ನಿಜವಾಗಿ ಎಡವುವುದು ಮುಂದೆ. ಎರಡು ಫ್ಲ್ಯಾಟಿನ ನಡುವಿನ ಗೋಡೆ ಸಾಮಾನ್ಯವಾಗಿ ಇಬ್ಬರದೂ ಅಲ್ಲ, ಅದು ‘ಕಾಮನ್ ಪ್ರಾಪರ್ಟಿ’, ಎಲ್ಲ ಮಾಲೀಕರಿಗೂ ಸೇರಿದ್ದು. ಒಗ್ಗೂಡಿಕೆ ನಕ್ಷೆ ಲಾಟುಗಳನ್ನು ಮಾತ್ರ ಸೇರಿಸೀತು, ಗೋಡೆಯನ್ನಲ್ಲ. ಗೋಡೆಯಿದ್ದ ಜಾಗವೂ ಮನೆಯೊಳಗೆ ಸೇರಬೇಕಾದರೆ ಬೇರೆ ನಕ್ಷೆ ಬೇಕು, ಅದರ ಹೆಸರು ‘ಸಬ್‌ಡಿವಿಷನ್’! ಅದಕ್ಕೆ ಓನರ್ಸ್ ಕಾರ್ಪೊರೇಷನ್ನಿನ (ಕಟ್ಟಡದ ಎಲ್ಲ ಮಾಲೀಕರ ಕೂಟದ) ವಿಶೇಷ ನಿರ್ಣಯವೂ ಆಗಬೇಕು, ಚಲಾಯಿಸಿದ ಮತಮೌಲ್ಯದಲ್ಲಿ (ಯೂನಿಟ್ ಎಂಟೈಟಲ್‌ಮೆಂಟಿನಂತೆ ತೂಗಿದ ಮತಗಳಲ್ಲಿ) ವಿರೋಧ 25%ಕ್ಕಿಂತ ಹೆಚ್ಚಿರಬಾರದು. ಎರಡು ಮನೆ ಒಂದಾಗುವ ಕೆಲಸವನ್ನು ‘ವಿಭಜನೆ’ ಎಂದೋ ‘ಪೋಡಿ’ ಎಂದೋ ಬರೆದರೆ ಓದುಗ ತಲೆ ಕೆರೆದುಕೊಳ್ಳುತ್ತಾನೆ. ‘ಮರುವಿಂಗಡಣೆ’ ಎನ್ನಿ, ಗಡಿ ಮತ್ತೆ ಎಳೆದದ್ದು ತಿಳಿಯುತ್ತದೆ. (ಓನರ್ಸ್ ಕಾರ್ಪೊರೇಷನ್ನನ್ನು ‘ಮಾಲೀಕರ ನಿಗಮ’ ಮಾಡಬೇಡಿ, ಸರ್ಕಾರದ್ದೆಂದುಕೊಳ್ಳುತ್ತಾರೆ.)

‘ಅವಿಭಾಜ್ಯ ಪಾಲು’ ನಮ್ಮಲ್ಲಿ ನೆಲದ ಹಕ್ಕು. ಯೂನಿಟ್ ಎಂಟೈಟಲ್‌ಮೆಂಟ್ ಒಂದು ಅಂಕ: ನಿರ್ವಹಣೆ ವಂತಿಗೆ, ಪೋಲ್‌ನಲ್ಲಿ (ಈ ಅಂಕದಂತೆ ಎಣಿಸುವ ಮತದಾನದಲ್ಲಿ) ಮತದ ತೂಕ, ಕಾಮನ್ ಪ್ರಾಪರ್ಟಿಯ ಪಾಲು ಮೂರೂ ಅದರ ಮೇಲೆ ನಿಂತಿವೆ. ‘ಪಾಲಿನ ಅಂಕ’ ಎಂದರೆ ಸಾಕು. ಒಟ್ಟು 1,000ದಲ್ಲಿ 5ನೆಯದಕ್ಕೆ 80, 6ನೆಯದಕ್ಕೆ 95 ಇದ್ದರೆ 13ನೆಯದಕ್ಕೆ 175. ತ್ರೈಮಾಸಿಕ ವಂತಿಗೆ ಒಟ್ಟು 20,000 ಡಾಲರ್ ಆದರೆ ಈ ಮನೆಯದು 3,500, ಮೊದಲು ಎರಡೂ ಸೇರಿ ಕಟ್ಟುತ್ತಿದ್ದಷ್ಟೇ. ಆದರೆ ಕೈಯೆತ್ತಿ ಮತ ಹಾಕುವಾಗ ಲಾಟಿಗೆ ಒಂದೇ ಮತ, ಹಾಗಾಗಿ ಎರಡಿದ್ದದ್ದು ಒಂದಾಗುತ್ತದೆ. ನಿಮ್ಮ ಅನುವಾದದಲ್ಲಿ ‘ಮತದ ಹಕ್ಕು ಮೊದಲಿನಂತೆಯೇ’ ಎಂಬ ಸಾಲಿದ್ದರೆ ಅದು ಪೋಲ್‌ಗೆ ಮಾತ್ರ ಎಂದು ತಿದ್ದಿಬಿಡಿ.